ದೆವ್ವ ಬರುವ ಮುನ್ನ ಸಿನಿಮಾ ನಿಲ್ಲಿಸಿ

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರ ಇಂಗ್ಲಿಷ್ ಶಿಕ್ಷಕಿ. ಒಂಬತ್ತನೆಯ ತರಗತಿಯಲ್ಲಿ ಐವತ್ತಕ್ಕೂ ಹೆಚ್ಚು ಮಕ್ಕಳಿದ್ದಾರೆ. ಮನೆಮಾತು ಕನ್ನಡ, ಲಂಬಾಣಿ, ಉರ್ದು ಅಥವಾ ತೆಲುಗು. ಇಂಗ್ಲಿಷ್ ಕಿವಿಗೆ ಬೀಳುವುದು ನನ್ನ ಪೀರಿಯಡ್‌ನಲ್ಲಿ ಮಾತ್ರ. ಏನಾದರೂ ಕೇಳಿದರೆ ತಲೆ ತಗ್ಗಿಸುತ್ತಾರೆ. ಆದರೆ ಮೊಬೈಲಿನಲ್ಲಿ ನೋಡಿದ ದೆವ್ವದ ಸಿನಿಮಾದ ಕಥೆಯನ್ನು ಒಬ್ಬ ಶುರು ಮಾಡಿದರೆ ಸಾಕು, ಇಡೀ ತರಗತಿ ಅವನ ಸುತ್ತ ಸೇರುತ್ತದೆ. ಇಂಗ್ಲಿಷ್ ಭಯಾನಕ ಸಿನಿಮಾ ತೋರಿಸಿ, ಮಕ್ಕಳಿಂದಲೇ ದೆವ್ವದ ಕಥೆ ಬರೆಸಿ ಭಾಷೆ ಕಲಿಸಬಹುದೇ? ‘ಪಾಲಕರು ಜಗಳಕ್ಕೆ ಬಂದರೆ ಯಾರು ಹೊಣೆ’ ಎನ್ನುವುದು ಮುಖ್ಯೋಪಾಧ್ಯಾಯರ ಚಿಂತೆ. ಪಾಠಗಳು ಮುಗಿಯದೆ ಉಳಿಯುತ್ತವೆ ಎನ್ನುವುದು ನನ್ನ ಚಿಂತೆ. ಎಲ್ಲಿಂದ ಆರಂಭಿಸಲಿ?

ಉತ್ತರ: ಮೇಡಂ, ಖಂಡಿತ ಕಲಿಸಬಹುದು. ಆದರೆ ಅದರಲ್ಲಿ ಸಿನಿಮಾದ ಪಾಲು ತೀರಾ ಸಣ್ಣದಾಗಿರಲಿ. ಸ್ಮಾರ್ಟ್ ಕ್ಲಾಸ್ ಪರದೆಯ ಮೇಲೆ ಎರಡು ಗಂಟೆಯ ಇಂಗ್ಲಿಷ್ ಚಿತ್ರ ಹಾಕಿ ಕೂತರೆ ಮಕ್ಕಳು ಬಾಯಿ ತೆರೆದುಕೊಂಡು ನೋಡುತ್ತಾರೆ, ನಾಲ್ಕಾರು ಸಲ ಕಿರುಚುತ್ತಾರೆ, ಗಂಟೆ ಹೊಡೆದ ಮೇಲೆ ಎದ್ದು ಹೋಗುತ್ತಾರೆ. ಕಿರುಚುವುದಕ್ಕೆ ಯಾವ ಭಾಷೆಯೂ ಬೇಕಿಲ್ಲ. ದೆವ್ವ ಪರದೆಯ ಮೇಲೆ ಕಾಣಿಸಿಕೊಂಡ ಕ್ಷಣದಿಂದ ಎಲ್ಲ ಕೆಲಸವನ್ನೂ ಕಣ್ಣೇ ಮಾಡಿ ಮುಗಿಸುತ್ತದೆ, ಮಾತಿಗೆ ಉಳಿಯುವುದು ಏನೂ ಇಲ್ಲ. ಅದು ಇನ್ನೂ ಬಂದಿಲ್ಲ, ಬಾಗಿಲು ಅರ್ಧ ತೆರೆದಿದೆ, ಒಳಗೆ ಏನಿದೆಯೋ ಗೊತ್ತಿಲ್ಲ ಎನ್ನುವಾಗ ಊಹಿಸಬೇಕು, ವಾದಿಸಬೇಕು, ‘ಹೋಗಬೇಡ’ ಎಂದು ಎಚ್ಚರಿಸಬೇಕು. ಇವೆಲ್ಲಕ್ಕೂ ವಾಕ್ಯ ಬೇಕು. ಹಾಗಾಗಿ ಒಂದೇ ನಿಯಮ ಇಟ್ಟುಕೊಳ್ಳಿ: ದೆವ್ವ ಬರುವ ತನಕ ತೋರಿಸಿ, ದೆವ್ವವನ್ನು ತೋರಿಸಬೇಡಿ. ಮುಖ್ಯೋಪಾಧ್ಯಾಯರ ಚಿಂತೆಯೂ ಅರ್ಧದಷ್ಟು ಇದರಿಂದಲೇ ಕರಗುತ್ತದೆ.

ಇಡೀ ಸಿನಿಮಾ ಬೇಡ ಎನ್ನಲು ಲೆಕ್ಕಾಚಾರದ ಕಾರಣವೊಂದಿದೆ. ಇಂಗ್ಲಿಷ್ ಸಿನಿಮಾಗಳ ಸಂಭಾಷಣೆಯಲ್ಲಿ ಎಂಥ ಪದಗಳು ಎಷ್ಟು ಬರುತ್ತವೆ ಎಂದು ಭಾಷಾ ಸಂಶೋಧಕರಾದ ಸ್ಟುವರ್ಟ್ ವೆಬ್ ಮತ್ತು ಮೈಕೆಲ್ ರಾಜರ್ಸ್ 2009ರಲ್ಲಿ ಎಣಿಸಿ ನೋಡಿದರು. ಸಂಭಾಷಣೆಯ ಶೇಕಡಾ 95ರಷ್ಟು ತಿಳಿಯಬೇಕಾದರೆ ಅತಿ ಹೆಚ್ಚು ಬಳಕೆಯಲ್ಲಿರುವ ಸುಮಾರು 3000 ಪದಕುಟುಂಬಗಳು (ಒಂದು ಮೂಲಪದ ಮತ್ತು ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ) ಗೊತ್ತಿರಬೇಕು ಎಂದು ಅವರಿಗೆ ಕಂಡುಬಂತು. ನಮ್ಮ ಕಡೆಯ ಒಂಬತ್ತನೆಯ ತರಗತಿಯ ಮಗುವಿನ ಬಳಿ ಅದರ ಕಾಲು ಭಾಗ ಇದ್ದರೂ ಅದು ನಿಮ್ಮ ಪುಣ್ಯ. ಹೀಗಿರುವಾಗ ಮಾತಿನ ಮೇಲೆ ಮಾತು ಬರುವ ಚಿತ್ರ ಹಾಕಿದರೆ ಮಕ್ಕಳು ಕೇಳುವುದನ್ನೇ ಬಿಟ್ಟು ಚಿತ್ರಗಳನ್ನಷ್ಟೇ ನೋಡುತ್ತಾರೆ. ಮಾತೇ ಇಲ್ಲದ ಅಥವಾ ಒಂದೆರಡು ಮಾತಷ್ಟೇ ಇರುವ ಎರಡು–ಮೂರು ನಿಮಿಷದ ತುಣುಕು ಆರಿಸಿಕೊಳ್ಳಿ. ಮಾತನ್ನು ಮಕ್ಕಳು ತುಂಬಲಿ. ಮಾತಿರುವ ತುಣುಕಾದರೆ ಇಂಗ್ಲಿಷ್ ಅಡಿಬರಹವನ್ನೇ ಹಾಕಿ. ಕಿವಿಗೆ ಬಿದ್ದದ್ದೇ ಕಣ್ಣಿಗೂ ಬಿದ್ದರೆ ಓದು ಕುದುರುತ್ತದೆ ಎಂಬುದನ್ನು ಅಹಮದಾಬಾದಿನ ಐಐಎಂನಲ್ಲಿದ್ದ ಬ್ರಿಜ್ ಕೋಠಾರಿ ದೂರದರ್ಶನದ ಚಿತ್ರಗೀತೆಗಳಿಗೆ ಅದೇ ಭಾಷೆಯ ಅಡಿಬರಹ ಹಾಕಿಸಿ ತೋರಿಸಿದ್ದಾರೆ.

ಯಾವ ತುಣುಕು? ನಾನು ಮೊದಲು ಹೇಳುವುದು 1942ರ ಕಪ್ಪು–ಬಿಳುಪು ಚಿತ್ರ ‘ಕ್ಯಾಟ್ ಪೀಪಲ್’ನ ಒಂದು ದೃಶ್ಯವನ್ನು. ನಿರ್ಮಾಪಕ ವಾಲ್ ಲ್ಯೂಟನ್ ಕೈಯಲ್ಲಿ ಹಣ ಕಡಿಮೆ ಇತ್ತು. ಅವನೂ ನಿರ್ದೇಶಕ ಜಾಕ್ ಟೂರ್ನರ್ ಕೂಡ ನೆರಳು ಮತ್ತು ಸದ್ದನ್ನೇ ನಂಬಿದರು. ರಾತ್ರಿ. ಉದ್ಯಾನದ ಕಲ್ಲುಗೋಡೆಯ ಪಕ್ಕದ ರಸ್ತೆಯಲ್ಲಿ ಒಬ್ಬಳು ನಡೆದು ಹೋಗುತ್ತಿದ್ದಾಳೆ. ಬೀದಿದೀಪದ ಬೆಳಕಿಗೆ ಬರುತ್ತಾಳೆ, ಮತ್ತೆ ಕತ್ತಲೆಗೆ ಸೇರುತ್ತಾಳೆ. ಹಿಂದೆ ಇನ್ನೊಂದು ಜೋಡಿ ಹೆಜ್ಜೆ ಸದ್ದು. ಸ್ವಲ್ಪ ಹೊತ್ತಿನಲ್ಲಿ ಹಿಂದಿನ ಹೆಜ್ಜೆ ಸದ್ದು ನಿಂತುಬಿಡುತ್ತದೆ. ಮುಂದಿನವಳು ತಿರುಗಿ ನೋಡುತ್ತಾಳೆ, ಯಾರೂ ಇಲ್ಲ. ನಡಿಗೆ ಓಟವಾಗುತ್ತದೆ. ಆಗ ಹಠಾತ್ತನೆ ಬುಸ್ಸೆಂಬ ಸದ್ದು! ನೋಡಿದರೆ ಬಂದು ನಿಂತದ್ದು ಬಸ್ಸು. ಸಿನಿಮಾ ಮಂದಿ ಇಂಥ ಹುಸಿ ಹೆದರಿಕೆಯನ್ನು ಇಂದಿಗೂ ‘ಲ್ಯೂಟನ್ ಬಸ್’ ಎಂದೇ ಕರೆಯುತ್ತಾರೆ. ಇಡೀ ದೃಶ್ಯದಲ್ಲಿ ಒಂದು ಹನಿ ರಕ್ತವಿಲ್ಲ, ದೆವ್ವವಂತೂ ಇಲ್ಲ. ಸಂಜೆಯ ಕೊನೆಯ ಬಸ್ಸಿಗೆ ಓಡಿ ಗೊತ್ತಿರುವ ನಮ್ಮ ಹಳ್ಳಿ ಮಕ್ಕಳಿಗೆ ಇದನ್ನು ವಿವರಿಸುವ ಅಗತ್ಯವೂ ಬೀಳುವುದಿಲ್ಲ.

ಇದನ್ನು ತರಗತಿಯಲ್ಲಿ ಬಳಸುವ ಬಗೆ ಹೀಗೆ. ಮೊದಲು ಪರದೆ ಮುಚ್ಚಿ ಸದ್ದನ್ನು ಮಾತ್ರ ಕೇಳಿಸಿ. ಎಷ್ಟು ಜನ ನಡೆಯುತ್ತಿದ್ದಾರೆ ಎಂದು ಕೇಳಿ. ‘ಒನ್’, ‘ಟೂ’ ಎಂಬ ಉತ್ತರ ಬರುತ್ತದೆ. ಅದನ್ನು ‘ದೇರ್ ಆರ್ ಟೂ ಪೀಪಲ್’ ಮಾಡಿಸಿ. ಎರಡನೆಯ ಸಲ ಚಿತ್ರ ತೋರಿಸಿ, ಅವಳು ತಿರುಗಿ ನೋಡುವಲ್ಲಿ ನಿಲ್ಲಿಸಿ. ಈಗ ಕೇಳಬೇಕಾದ ಪ್ರಶ್ನೆ ಒಂದೇ, ಅವಳ ಹಿಂದೆ ಇರುವುದು ಏನು? ಹಲಗೆಯ ಮೇಲೆ ಮೂರು ಕಂಬ ಎಳೆದು ‘ಮಸ್ಟ್ ಬಿ’, ‘ಮೈಟ್ ಬಿ’, ‘ಕಾಂಟ್ ಬಿ’ ಎಂದು ಬರೆಯಿರಿ. ‘ಇಟ್ ಮೈಟ್ ಬಿ ಎ ಡಾಗ್’ ಎಂದು ಒಬ್ಬ. ‘ಇಟ್ ಕಾಂಟ್ ಬಿ ಎ ಡಾಗ್, ಡಾಗ್ಸ್ ಡೋಂಟ್ ವೇರ್ ಶೂಸ್’ ಎಂದು ಇನ್ನೊಬ್ಬಳು. ಈ ಎರಡನೆಯ ವಾಕ್ಯ ಬಂದ ದಿನ ನಿಮ್ಮ ತರಗತಿ ಗೆದ್ದಂತೆ. ಖಚಿತ, ಶಂಕೆ, ಅಸಾಧ್ಯ ಎಂಬ ಮೂರು ಭಾವಗಳನ್ನು ವ್ಯಾಕರಣ ಪುಸ್ತಕದ ಅಭ್ಯಾಸದಿಂದ ಕಲಿಸಲು ವಾರಗಟ್ಟಲೆ ಒದ್ದಾಡುತ್ತೇವೆ. ಇಲ್ಲಿ ಮಕ್ಕಳು ಜಗಳವಾಡುತ್ತಲೇ ಬಳಸಿಬಿಡುತ್ತಾರೆ. ಕೊನೆಗೆ ಬಸ್ಸು ತೋರಿಸಿ. ತರಗತಿ ನಗುತ್ತದೆ. ನಗು ಮುಗಿಯುವ ಮೊದಲೇ ‘ಶಿ ವಾಸ್ ವಾಕಿಂಗ್ ವೆನ್…’ ಎಂದು ಆರಂಭಿಸಿ, ವಾಕ್ಯವನ್ನು ಮಕ್ಕಳಿಗೆ ಬಿಡಿ.

‘ಮಾಡುತ್ತಿದ್ದೆ, ಆಗ ಹೀಗಾಯಿತು’ ಎಂಬ ಈ ಜೋಡಣೆ ಭಯದ ಕಥೆಯ ಬೆನ್ನೆಲುಬು. ನಡೆಯುತ್ತಿದ್ದೆ, ಕೇಳಿಸಿತು, ಮಲಗಿದ್ದೆ, ಬಾಗಿಲು ತೆರೆಯಿತು. ಕನ್ನಡದಲ್ಲಿಯೂ ಇದೇ ಕಟ್ಟು ಇರುವುದರಿಂದ ಮಕ್ಕಳಿಗೆ ಇದು ಬೇಗ ಹತ್ತುತ್ತದೆ. ತೊಡಕು ಇರುವುದು ಬೇರೆ ಕಡೆ, ಅಲ್ಲಿಗೆ ಆಮೇಲೆ ಬರುತ್ತೇನೆ.

ಇನ್ನೊಂದು ತುಣುಕು ಬೇಕಿದ್ದರೆ 1922ರ ಮೂಕಿ ಚಿತ್ರ ‘ನೊಸ್ಫೆರಾಟು’ವಿನಲ್ಲಿ ಮೆಟ್ಟಿಲ ಗೋಡೆಯ ಮೇಲೆ ಉದ್ದ ಬೆರಳುಗಳ ನೆರಳು ಹತ್ತಿ ಹೋಗುವ ದೃಶ್ಯವಿದೆ. ಮೂಕಿಯಾದ್ದರಿಂದ ಸಂಭಾಷಣೆ ಪೂರ್ತಿ ಮಕ್ಕಳದ್ದೇ. ಹಾಗೆಯೇ ಒಂದು ಎಚ್ಚರಿಕೆ. 1968ರ ‘ನೈಟ್ ಆಫ್ ದ ಲಿವಿಂಗ್ ಡೆಡ್’ ಬಿಡುಗಡೆಯ ಪ್ರತಿಗಳಲ್ಲಿ ಹಕ್ಕುಸ್ವಾಮ್ಯದ ಸೂಚನೆ ಬಿಟ್ಟುಹೋದ ಕಾರಣ ಅಮೆರಿಕದಲ್ಲಿ ಸಾರ್ವಜನಿಕ ಸ್ವತ್ತಾಯಿತು. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಸಿಕ್ಕಿತೆಂದು ತರಗತಿಗೆ ತರಬೇಡಿ. ಹೆಣಗಳು ಮನುಷ್ಯರನ್ನು ತಿನ್ನುವ ಚಿತ್ರ ಅದು.

ಕಾಣಿಸದಿರುವುದೇ ಹೆಚ್ಚು ಹೆದರಿಸುತ್ತದೆ ಎಂಬುದಕ್ಕೆ ಮಕ್ಕಳಿಗೆ ಹೇಳಬಹುದಾದ ಒಂದು ಸಂಗತಿ ಇದೆ. 1975ರ ‘ಜಾಸ್’ ಚಿತ್ರಕ್ಕಾಗಿ ಮಾಡಿಸಿದ ಯಂತ್ರದ ಶಾರ್ಕ್ ಸಮುದ್ರದ ಉಪ್ಪುನೀರಿನಲ್ಲಿ ಪದೇ ಪದೇ ಕೆಡುತ್ತಿತ್ತು. ಬೇರೆ ದಾರಿ ಕಾಣದೆ ನಿರ್ದೇಶಕ ಸ್ಪೀಲ್‌ಬರ್ಗ್ ಅದನ್ನು ತೋರಿಸುವುದನ್ನು ಕಡಿಮೆ ಮಾಡಿ, ಸಂಗೀತ ಮತ್ತು ನೀರಿನ ಮೇಲ್ಮೈಯಿಂದಲೇ ಅದು ಬಂದಿರುವುದನ್ನು ಸೂಚಿಸಿದರು. ಇದನ್ನು ಕೇಳಿದ ಮೇಲೆ ಮಕ್ಕಳ ಕಥೆಗೂ ಒಂದು ಷರತ್ತು ಹಾಕಿ: ನಿಮ್ಮ ಕಥೆಯಲ್ಲಿ ದೆವ್ವ ಕಾಣಿಸಿಕೊಳ್ಳಕೂಡದು. ಷರತ್ತು ಇಲ್ಲದಿದ್ದರೆ ಐವತ್ತು ಪುಸ್ತಕಗಳಲ್ಲಿ ಐವತ್ತು ಬಿಳಿಸೀರೆ, ಬಿಚ್ಚಿದ ಕೂದಲು, ಹಿಂದುಮುಂದಾದ ಪಾದ. ಷರತ್ತು ಇದ್ದರೆ ಅವರು ಸದ್ದು, ವಾಸನೆ, ಜಾಗ ಬದಲಿಸಿದ ಚಪ್ಪಲಿ, ನಂದಿಹೋದ ದೀಪ ಹುಡುಕಬೇಕಾಗುತ್ತದೆ. ಹುಡುಕುವಾಗ ‘ಬಿಹೈಂಡ್’, ‘ಬಿನೀತ್’, ‘ಅಕ್ರಾಸ್’, ‘ಸಮ್‌ಥಿಂಗ್’, ‘ನೋಬಡಿ’ ಎಲ್ಲವೂ ತಾವಾಗಿ ಬೇಕಾಗುತ್ತವೆ.

ಈಗ ಬರೆಸುವ ವಿಚಾರ. ನೇರವಾಗಿ ‘ಒಂದು ದೆವ್ವದ ಕಥೆ ಇಂಗ್ಲಿಷಿನಲ್ಲಿ ಬರೆಯಿರಿ’ ಎನ್ನಬೇಡಿ, ಮೌನ ಮರಳುತ್ತದೆ. ಮೊದಲ ದಿನ ಮನೆಮಾತಿನಲ್ಲಿ ಹೇಳಿಸಿ. ಲಂಬಾಣಿ ತಾಂಡಾದ ಹುಡುಗಿ ತನ್ನ ಮಾತಿನಲ್ಲಿ ಹೇಳಲಿ, ಪಕ್ಕದವಳು ಕನ್ನಡಕ್ಕೆ ತರಲಿ. ಅಜ್ಜಿಯಂದಿರಿಂದ ಬಂದ ಕಥೆ ಹೇಳುವ ಕೌಶಲ ಈ ಮಕ್ಕಳಲ್ಲಿ ಸಂಪೂರ್ಣವಾಗಿದೆ: ಎಲ್ಲಿ ದನಿ ತಗ್ಗಿಸಬೇಕು, ಎಲ್ಲಿ ನಿಲ್ಲಬೇಕು, ಯಾವುದನ್ನು ಕೊನೆಗೆ ಇಡಬೇಕು ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅವರಿಗೆ ಇಲ್ಲದಿರುವುದು ಇಂಗ್ಲಿಷ್ ವಾಕ್ಯ ಮಾತ್ರ. ಎರಡೂ ಹೊರೆಯನ್ನು ಒಟ್ಟಿಗೆ ಹೊರಿಸಿ, ಆಮೇಲೆ ‘ಮಕ್ಕಳಿಗೆ ಏನೂ ಬರುವುದಿಲ್ಲ’ ಎಂದು ಶಿಕ್ಷಕರ ಕೊಠಡಿಯಲ್ಲಿ ಗೊಣಗುವುದು ನಮ್ಮ ವೃತ್ತಿಯ ಹಳೆಯ ಚಾಳಿ.

ಕೇಳಿ, ಆಮೇಲೆ ಬರೆಯುವ ಈ ಕ್ರಮಕ್ಕೆ ದೊಡ್ಡ ಹಿನ್ನೆಲೆಯೇ ಇದೆ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ಬಳಿ ಮಳೆಯಿಂದಾಗಿ ಮನೆಯೊಳಗೆ ಸಿಕ್ಕಿಬಿದ್ದ ಗೆಳೆಯರ ಗುಂಪೊಂದು ಹೊತ್ತು ಕಳೆಯಲು ದೆವ್ವದ ಕಥೆಗಳನ್ನು ಓದಿತು. ಆಮೇಲೆ ಕವಿ ಬೈರನ್, ಪ್ರತಿಯೊಬ್ಬರೂ ಒಂದೊಂದು ದೆವ್ವದ ಕಥೆ ಬರೆಯೋಣ ಎಂದ. ಗುಂಪಿನಲ್ಲಿದ್ದ ಹದಿನೆಂಟರ ಹುಡುಗಿ ಮೇರಿಗೆ ದಿನಗಟ್ಟಲೆ ಏನೂ ಹೊಳೆಯಲಿಲ್ಲ. ಹೊಳೆದ ಮೇಲೆ ಅದು 1818ರಲ್ಲಿ ‘ಫ್ರಾಂಕೆನ್‌ಸ್ಟೈನ್’ ಎಂಬ ಕಾದಂಬರಿಯಾಯಿತು. ಬೈರನ್ ಮತ್ತು ಅದೇ ಗುಂಪಿನಲ್ಲಿದ್ದ ಶೆಲ್ಲಿ, ಇಬ್ಬರು ಮಹಾಕವಿಗಳು, ತಮ್ಮ ಕಥೆಗಳನ್ನು ಅರ್ಧಕ್ಕೇ ಬಿಟ್ಟರು. ಈ ಕೊನೆಯ ಸಂಗತಿಯನ್ನು ಹಿಂದಿನ ಬೆಂಚಿನವರಿಗೆ ತಪ್ಪದೆ ಹೇಳಿ, ಬಹಳ ಸಮಾಧಾನ ಕೊಡುತ್ತದೆ.

ಇನ್ನು ನಾನು ಬಾಕಿ ಇಟ್ಟಿದ್ದ ತೊಡಕು. ಚಿತ್ತಾಪುರದ ಕಡೆಯ ಶಾಲೆಯೊಂದರಲ್ಲಿ ಹುಡುಗನೊಬ್ಬ ಬಾವಿಯ ಕಥೆ ಬರೆದಿದ್ದ. ಮೊದಲ ಕರಡು ಹೀಗಿತ್ತು: ‘ನೈಟ್ ಐ ವೆಂಟ್ ವಾಟರ್. ಟು ಮಿ ಒನ್ ಸೌಂಡ್ ಕೇಮ್. ಟು ಮಿ ಫಿಯರ್ ಕೇಮ್. ಐ ವಾಸ್ ವೆರಿ ಸ್ಕೇರಿಂಗ್.’ ಕೊನೆಯ ವಾಕ್ಯದ ಪ್ರಕಾರ ದೆವ್ವಕ್ಕಿಂತ ಅವನೇ ಭಯಂಕರ. ನಗುವ ಮೊದಲು ಅವನು ಮಾಡಿದ್ದನ್ನು ಗಮನಿಸಿ. ಕನ್ನಡದಲ್ಲಿ ಭಯದ ಅನುಭವ ಹೆಚ್ಚಾಗಿ ‘ನನಗೆ’ ಆಗುತ್ತದೆ: ನನಗೆ ಕೇಳಿಸಿತು, ನನಗೆ ಕಾಣಿಸಿತು, ನನಗೆ ಹೆದರಿಕೆಯಾಯಿತು. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ‘ಐ’ ಕರ್ತೃವಾಗಿ ನಿಲ್ಲಬೇಕು: ‘ಐ ಹರ್ಡ್’, ‘ಐ ಸಾ’, ‘ಐ ವಾಸ್ ಸ್ಕೇರ್ಡ್’. ಹುಡುಗ ತಪ್ಪು ಮಾಡಿದ್ದು ಅಜ್ಞಾನದಿಂದಲ್ಲ, ತನ್ನ ಭಾಷೆಯ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದರಿಂದ. ಹಲಗೆಯ ಎಡಕ್ಕೆ ‘ನನಗೆ’ಯ ಐದು ವಾಕ್ಯ, ಬಲಕ್ಕೆ ‘ಐ’ನ ಐದು ವಾಕ್ಯ ಬರೆದರೆ ಒಂದೇ ಪೀರಿಯಡ್‌ನಲ್ಲಿ ಅರ್ಥವಾಗುತ್ತದೆ. ‘ಸ್ಕೇರ್ಡ್’ ಎಂದರೆ ಹೆದರಿದವನು, ‘ಸ್ಕೇರಿಂಗ್’ ಎಂದರೆ ಹೆದರಿಸುತ್ತಿರುವವನು ಎಂಬುದನ್ನು ಇಬ್ಬರು ಮಕ್ಕಳನ್ನು ಮುಂದೆ ನಿಲ್ಲಿಸಿ ಅಭಿನಯಿಸಿ ತೋರಿಸಿ, ವಿವರಣೆ ಬೇಡ.

ಅದೇ ಹುಡುಗ ತಿದ್ದುತ್ತ ಬಂದು ಮುಟ್ಟಿದ್ದು ಇಲ್ಲಿಗೆ: ‘ಐ ವಾಸ್ ಡ್ರಾಯಿಂಗ್ ವಾಟರ್. ಐ ಹರ್ಡ್ ಎ ಸೌಂಡ್ ಬಿಲೋ ಮಿ. ದ ಪಾಟ್ ವಾಸ್ ಎಂಪ್ಟಿ ಬಟ್ ದ ರೋಪ್ ವಾಸ್ ಹೆವಿ. ಸಮ್‌ಒನ್ ವಾಸ್ ಪುಲ್ಲಿಂಗ್ ದ ಅದರ್ ಎಂಡ್.’ ಖಾಲಿ ಕೊಡ, ಭಾರವಾದ ಹಗ್ಗ. ಇದರಲ್ಲಿ ದೆವ್ವ ಎಂಬ ಮಾತೇ ಇಲ್ಲ. ಇದಕ್ಕಿಂತ ಕಠಿಣವಾದ ಒಂದು ಪದವನ್ನೂ ಅವನು ಬಳಸಲಿಲ್ಲ, ಬಳಸುವ ಅಗತ್ಯವೂ ಇರಲಿಲ್ಲ.

ಎರಡನೆಯ ತೊಡಕು ‘ಅಂತೆ’. ನಮ್ಮ ದೆವ್ವದ ಕಥೆಗಳು ನಿಂತಿರುವುದೇ ಅದರ ಮೇಲೆ. ಹುಣಸೆ ಮರದಲ್ಲಿ ಹೆಂಗಸೊಬ್ಬಳು ಕೂತಿರುತ್ತಾಳಂತೆ, ಹೆಸರು ಹಿಡಿದು ಕರೆಯುತ್ತಾಳಂತೆ. ಹೇಳುವವರು ನೋಡಿಲ್ಲ, ಕೇಳಿದ್ದಾರೆ, ಹೊಣೆ ಅವರದ್ದಲ್ಲ. ಮಕ್ಕಳು ಇದನ್ನು ಇಂಗ್ಲಿಷಿಗೆ ತರುವಾಗ ‘ಎ ವುಮನ್ ಸಿಟ್ಸ್ ಇನ್ ದ ಟ್ರೀ’ ಎಂದು ಬರೆಯುತ್ತಾರೆ, ಅದು ಪತ್ರಿಕೆಯ ಸುದ್ದಿಯಾಗುತ್ತದೆ. ‘ಪೀಪಲ್ ಸೇ ದಟ್…’, ‘ಮೈ ಗ್ರ್ಯಾಂಡ್‌ಮದರ್ ಒನ್ಸ್ ಟೋಲ್ಡ್ ಮಿ ದಟ್…’ ಎಂಬ ಎರಡು ಆರಂಭ ಕೊಡಿ. ಅಲ್ಲಿಂದ ‘ಹೇಳಿದಳು’ ಎಂಬುದರ ನಂತರ ಕಾಲ ಹೇಗೆ ಹಿಂದೆ ಸರಿಯುತ್ತದೆ ಎಂಬ ಪಾಠಕ್ಕೆ, ಅಂದರೆ ಪರೀಕ್ಷೆಗೆ ಬರುವ ಪರೋಕ್ಷ ಕಥನಕ್ಕೆ, ನೀವು ಆಗಲೇ ಕಾಲಿಟ್ಟಿರುತ್ತೀರಿ.

ಪ್ರೊಜೆಕ್ಟರ್ ಕೆಟ್ಟಿದ್ದರೆ, ವಿದ್ಯುತ್ ಇಲ್ಲದಿದ್ದರೆ, ಚಿಂತಿಸಬೇಡಿ. ನನ್ನ ಮಟ್ಟಿಗೆ ಸದ್ದಿನ ಕಥೆಯೇ ಸಿನಿಮಾಗಿಂತ ಮೇಲು. ಐದೈದು ಮಕ್ಕಳ ಗುಂಪು ಮಾಡಿ, ನಿಮ್ಮ ಮೊಬೈಲಿನಲ್ಲಿ ಶಾಲೆಯ ಆವರಣದ ಸದ್ದುಗಳನ್ನು ರೆಕಾರ್ಡ್ ಮಾಡಿಸಿ: ತಗಡಿನ ಬಾಗಿಲು, ನಲ್ಲಿಯ ಹನಿ, ಒಣ ಎಲೆಯ ಮೇಲಿನ ಹೆಜ್ಜೆ, ಎಳೆದ ಡೆಸ್ಕು. ಕನ್ನಡದಲ್ಲಿ ಬಾಗಿಲು ‘ಕಿರ್’ ಎನ್ನುತ್ತದೆ, ಎಲೆ ‘ಸರಸರ’ ಎನ್ನುತ್ತದೆ. ಇಂಗ್ಲಿಷಿನಲ್ಲಿ ಸದ್ದೇ ಕ್ರಿಯಾಪದ. ಕ್ರೀಕ್, ರಸಲ್, ಡ್ರಿಪ್, ವಿಸ್ಪರ್, ನಾಕ್, ಸ್ಕ್ರ್ಯಾಚ್: ಇಷ್ಟು ಸಾಕು. ಪ್ರತಿ ಗುಂಪೂ ಐದು ಸದ್ದು, ಎಂಟು ವಾಕ್ಯಗಳ ಕಥೆಯನ್ನು ಓದಿ ರೆಕಾರ್ಡ್ ಮಾಡಲಿ. ತನ್ನ ದನಿ ತನಗೇ ಕೇಳಿಸುವಾಗ ಮಗು ಹೇಳದಿದ್ದರೂ ನಾಲ್ಕು ಸಲ ಮತ್ತೆ ಓದುತ್ತದೆ. ಉಚ್ಚಾರಣೆಯ ಅಭ್ಯಾಸಕ್ಕೆ ಇದಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ.

ತೀರಾ ಹಿಂದುಳಿದ ಮಕ್ಕಳಿಗೆ ‘ನಾಳೆ ಬಾ’ ಕೆಲಸ ಕೊಡಿ. 1990ರ ದಶಕದಲ್ಲಿ ಬೆಂಗಳೂರಿನ ಕಡೆ ದೆವ್ವವೊಂದು ಮನೆಯವರ ದನಿಯಲ್ಲಿ ಬಾಗಿಲು ತಟ್ಟುತ್ತದೆ ಎಂಬ ಪುಕಾರು ಹಬ್ಬಿ, ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರಷ್ಟೆ. ಕನ್ನಡ ಓದಲು ಬಲ್ಲ ಸುಶಿಕ್ಷಿತ ದೆವ್ವ ಅದು. ಈಗ ಇಂಗ್ಲಿಷ್ ಮಾಧ್ಯಮದ ದೆವ್ವ ಬಂದಿದೆ ಎನ್ನಿ; ಅದಕ್ಕೆ ಬಾಗಿಲ ಮೇಲೆ ಒಂದು ಸಾಲು ಬರೆಯಬೇಕು. ‘ನೋಬಡಿ ಈಸ್ ಅಟ್ ಹೋಮ್’, ‘ಗೋ ಟು ದ ನೆಕ್ಸ್ಟ್ ಹೌಸ್’, ‘ಎಕ್ಸಾಮ್ ಟುಮಾರೋ, ಡೋಂಟ್ ಡಿಸ್ಟರ್ಬ್’ ಎಂಬಂಥವು ಬರುತ್ತವೆ. ಒಂದು ವಾಕ್ಯ ಬರೆಯಲೂ ಹೆದರುವ ಮಗು ಇಲ್ಲಿ ಮೂರು ಬರೆಯುತ್ತದೆ.

ಕಥೆ ನಡೆಯುವ ಜಾಗ ಕಣ್ಣಾರೆ ಕಂಡದ್ದೇ ಆಗಿರಲಿ. ಇಲ್ಲದಿದ್ದರೆ ಎಲ್ಲ ಕಥೆಗಳೂ ‘ದೇರ್ ವಾಸ್ ಎ ಬಿಗ್ ಬಂಗ್ಲೋ’ ಎಂದು ಆರಂಭವಾಗುತ್ತವೆ, ಬಂಗಲೆಯನ್ನು ಯಾರೂ ನೋಡಿರುವುದಿಲ್ಲ. ನಮ್ಮ ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಜಾಗಗಳಿಗೆ ಬರವೇ? ಬೀದರಿನ ನೌಬಾದ್ ಬಳಿಯ ಸುರಂಗ ಬಾವಿ, ಅಂದರೆ ಬಹಮನಿ ಕಾಲದ ನೆಲದಡಿಯ ಕಾಲುವೆ. ಅಲ್ಲಲ್ಲಿ ಮೇಲಕ್ಕೆ ತೆರೆದ ಕಿಂಡಿಗಳಿಂದ ಮಾತ್ರ ಬೆಳಕು. ಅಷ್ಟೂರಿನಲ್ಲಿ, ‘ಜಾಲಿಂ’ ಎಂದು ಕುಖ್ಯಾತನಾದ ಹುಮಾಯೂನ್ ಶಹಾನ ಗೋರಿ ಸಿಡಿಲು ಬಡಿದು ಸೀಳಿ ಅರ್ಧ ಮಾತ್ರ ನಿಂತಿದೆ. ನಿಮ್ಮದೇ ಜಿಲ್ಲೆಯ ಸುರಪುರದಲ್ಲಿ ಟೇಲರ್ ಮಂಜಿಲ್ ಇದೆ. ಅದನ್ನು ಕಟ್ಟಿಸಿದ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ 1839ರಲ್ಲೇ, ದಾರಿಹೋಕರನ್ನು ಕೊಂದು ದೋಚುತ್ತಿದ್ದ ಠಕ್ಕರ ಕುರಿತ ಇಂಗ್ಲಿಷ್ ಕಾದಂಬರಿಯಿಂದ ಇಂಗ್ಲೆಂಡಿನ ಓದುಗರ ಎದೆ ನಡುಗಿಸಿದ್ದ. ಅವನು ಮಾರಿದ ಭಯ ನಮ್ಮ ಜನರ ಕುರಿತದ್ದು ಎಂಬುದು ಬೇರೆ ಮಾತು, ಹತ್ತನೆಯ ತರಗತಿಯಲ್ಲಿ ಅದನ್ನೂ ಚರ್ಚಿಸಬಹುದು.

ಜಾಗದ ಮಾತು ಬಂದಾಗಲೇ ಗಟ್ಟಿಯಾಗಿ ಹೇಳಬೇಕಾದ ವಿಷಯವಿದೆ. ಬದುಕಿರುವ ಯಾರನ್ನೂ ಕಥೆಗೆ ತರುವಂತಿಲ್ಲ ಎಂದು ಮೊದಲ ದಿನವೇ ಹೇಳಿ. ಬಾನಾಮತಿ, ಅಂದರೆ ಮಾಟ, ಎಂಬ ಮಾತು ಈ ಭಾಗದಲ್ಲಿ ಬರಿಯ ಕಥೆಯಲ್ಲ. ಆ ಹೆಸರಿನಲ್ಲಿ ಎಷ್ಟೋ ಒಂಟಿ ಹೆಂಗಸರು, ವಿಧವೆಯರು ಹಿಂಸೆ ಅನುಭವಿಸಿದ್ದಾರೆ. ಮಾಟ–ಮಂತ್ರದ ಹೆಸರಿನ ಅಮಾನವೀಯ ಆಚರಣೆಗಳನ್ನು ತಡೆಯಲು ರಾಜ್ಯ 2017ರಲ್ಲಿ ಕಾಯ್ದೆಯನ್ನೇ ತಂದಿತು. ‘ನಮ್ಮ ಓಣಿಯ ಕೊನೆಯ ಮನೆಯ ಮುದುಕಿ’ ಎಂದು ಆರಂಭವಾಗುವ ಕಥೆ ನಿಮ್ಮ ಮೇಜಿಗೆ ಬಂದರೆ ಅದನ್ನು ಓದಿಸಬೇಡಿ. ಹುಡುಗನನ್ನು ಬೈಯದೆ, ಆ ಮುದುಕಿಯೇ ಕಥೆ ಹೇಳುವಂತೆ ತಿರುಗಿಸಿ ಬರೆಯಲು ಹೇಳಿ. ದೆವ್ವ ಎಂದು ಕರೆಸಿಕೊಳ್ಳುವವಳಿಗೆ ರಾತ್ರಿ ಬಾಗಿಲಿಗೆ ಕಲ್ಲು ಬೀಳುವುದು ಎಷ್ಟು ಭಯಂಕರ ಎಂದು ಅವನೇ ಬರೆಯುತ್ತಾನೆ. ಹಾಗೆಯೇ ಯಾವುದಾದರೂ ಜಾತಿಯ ಕೇರಿ, ಯಾವುದಾದರೂ ಧರ್ಮದ ಸ್ಮಶಾನ ಪದೇ ಪದೇ ಭೂತದ ಜಾಗವಾಗುತ್ತಿದ್ದರೆ ಕಣ್ಣಿಡಿ. ಮನೆಯಲ್ಲಿ ಇತ್ತೀಚೆಗೆ ಸಾವಾಗಿರುವ ಮಗುವಿಗೆ ಬೇರೆ ಕೆಲಸ ಕೊಡಿ. ಸದ್ದಿನ ರೆಕಾರ್ಡಿಂಗ್ ಒಳ್ಳೆಯದು.

ಪಾಲಕರ ವಿಷಯಕ್ಕೆ ಬರೋಣ. ಎಸ್‌ಡಿಎಂಸಿ ಸಭೆಯಲ್ಲಿ ಆ ಬಸ್ಸಿನ ತುಣುಕನ್ನೇ ಹಾಕಿ ತೋರಿಸಿ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ‘ಎ’ ಪ್ರಮಾಣಪತ್ರದ ಚಿತ್ರ ಹದಿನೆಂಟರ ಕೆಳಗಿನವರಿಗೆ ನಿಷಿದ್ಧ, ಅದರ ತುಣುಕನ್ನೂ ಮುಟ್ಟಬೇಡಿ. 2024ರ ನಿಯಮಗಳಿಂದ, ಪಾಲಕರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದ ಚಿತ್ರಗಳ ‘ಯುಎ’ ಪ್ರಮಾಣಪತ್ರವೂ 7, 13, 16 ವಯಸ್ಸಿನ ಮೇಲಿನವರಿಗೆಂದು ಮೂರಾಗಿ ಒಡೆದಿದೆ. ಒಂಬತ್ತನೆಯ ತರಗತಿಗೆ 13ರ ಗೆರೆ ದಾಟಬೇಡಿ. ಹಕ್ಕುಸ್ವಾಮ್ಯದ ಬಗ್ಗೆ ಹೆದರಬೇಕಿಲ್ಲ. 1957ರ ಕಾಯ್ದೆಯ 52ನೆಯ ಕಲಮು, ಶಾಲೆಯ ಚಟುವಟಿಕೆಯ ಭಾಗವಾಗಿ ಸಿಬ್ಬಂದಿ, ವಿದ್ಯಾರ್ಥಿಗಳು ಮತ್ತು ಪಾಲಕರಿಗಷ್ಟೇ ಚಿತ್ರ ತೋರಿಸಲು ಅವಕಾಶ ಕೊಡುತ್ತದೆ. ಊರಿಗೆಲ್ಲ ಡಂಗುರ ಸಾರಿ ತೋರಿಸಿದರೆ ಆ ರಕ್ಷಣೆ ಇರುವುದಿಲ್ಲ.

ಮುಖ್ಯೋಪಾಧ್ಯಾಯರಿಗೆ ಪರೀಕ್ಷೆಯ ಭಾಷೆಯಲ್ಲೇ ಉತ್ತರ ಕೊಡಿ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ಕೊನೆಯಲ್ಲಿದ್ದವು. ಅವರ ಮೇಲಿನ ಒತ್ತಡ ಸುಳ್ಳಲ್ಲ. ಸುಳಿವುಗಳಿಂದ ಕಥೆ ಬೆಳೆಸುವುದು, ಚಿತ್ರ ನೋಡಿ ವರ್ಣಿಸುವುದು, ಪರೋಕ್ಷ ಕಥನ, ಇವೆಲ್ಲ ಪ್ರಶ್ನೆಪತ್ರಿಕೆಯಲ್ಲಿ ಇರುವಂಥವೇ. ನಿಮ್ಮ ಪಾಠಯೋಜನೆಯಲ್ಲಿ ‘ಭಯಾನಕ ಸಿನಿಮಾ’ ಎಂದು ಬರೆಯದೆ ‘ಕಥೆ ಬೆಳೆಸುವುದು, ಭೂತಕಾಲದ ಬಳಕೆ’ ಎಂದು ಬರೆಯಿರಿ. ಭೂತಕಾಲ ಎಂಬುದು ಎರಡೂ ಅರ್ಥದಲ್ಲಿ ನಿಜವೇ. ಇದಕ್ಕೆ ನಾಲ್ಕು ಪೀರಿಯಡ್ ಸಾಕು, ಪಾಠಗಳನ್ನು ಬಿಡಬೇಕಿಲ್ಲ. ಪಠ್ಯದಲ್ಲಿ ಕಥನ ಗದ್ಯ ಬರುವ ವಾರವೇ ಹೊಂದಿಸಿಕೊಳ್ಳಿ.

ತಿದ್ದುವಾಗ ಕೆಂಪು ಪೆನ್ನನ್ನು ಬದಿಗಿಡಿ. ಐವತ್ತು ಪುಸ್ತಕಗಳ ಎಲ್ಲ ತಪ್ಪನ್ನೂ ಗುರುತಿಸಿದರೆ ನಿಮಗೆ ರಾತ್ರಿ ನಿದ್ದೆಯಿಲ್ಲ, ಮಕ್ಕಳಿಗೆ ಮತ್ತೆ ಬರೆಯುವ ಧೈರ್ಯವಿಲ್ಲ. ಒಂದು ಕರಡಿಗೆ ಒಂದೇ ವಿಷಯ. ಮೊದಲನೆಯದರಲ್ಲಿ ಕಥೆ ಅರ್ಥವಾಗುತ್ತದೆಯೇ ಎಂಬುದಷ್ಟೇ, ಎರಡನೆಯದರಲ್ಲಿ ಕ್ರಿಯಾಪದದ ಕಾಲ, ಮೂರನೆಯದರಲ್ಲಿ ‘ಸ್ಕೇರ್ಡ್–ಸ್ಕೇರಿಂಗ್’. ಕಾಗುಣಿತವನ್ನು ಮಕ್ಕಳೇ ಅದಲುಬದಲು ಮಾಡಿಕೊಂಡು ನೋಡಲಿ. ಅಂಕ ಕೊಡಬೇಕಾಗಿ ಬಂದರೆ ಕೊನೆಯ ಕರಡಿಗೆ ಮಾತ್ರ ಕೊಡಿ.

ಕೊನೆಯದಾಗಿ ಹೊತ್ತು ಮತ್ತು ದಿನ. ಇದನ್ನು ಬೆಳಗಿನ ಮೊದಲ ಪೀರಿಯಡ್‌ಗಳಲ್ಲಿ ಮಾಡಿ, ಕಿಟಕಿ ತೆರೆದಿರಲಿ. ನಿಮ್ಮ ತರಗತಿಯಲ್ಲಿ ಹಾಸ್ಟೆಲಿನ ಹುಡುಗಿಯರಿದ್ದರೆ ಸಂಜೆಯ ಪೀರಿಯಡ್ ಬೇಡವೇ ಬೇಡ; ರಾತ್ರಿ ಶೌಚಾಲಯಕ್ಕೆ ಹೋಗಲು ಹೆದರುವ ಮಕ್ಕಳನ್ನು ವಾರ್ಡನ್ ನಿಮ್ಮ ಹೆಸರು ಹೇಳಿ ಸಮಾಧಾನ ಮಾಡಬೇಕಾಗುತ್ತದೆ. ನೋಡಲು ಇಷ್ಟವಿಲ್ಲದವರು ಕಾರಣ ಹೇಳದೆ ಹೊರಗೆ ಕೂರಬಹುದು ಎಂಬುದು ಮೊದಲೇ ಎಲ್ಲರಿಗೂ ಗೊತ್ತಿರಲಿ. ಆರಂಭಿಸುವ ಮುನ್ನ ಕ್ಯಾಲೆಂಡರ್ ನೋಡಿ, ಅಮಾವಾಸ್ಯೆಯ ಆಸುಪಾಸನ್ನು ಬಿಟ್ಟುಬಿಡಿ. ನಿಮಗೆ ಅದರಲ್ಲಿ ನಂಬಿಕೆ ಇಲ್ಲದಿರಬಹುದು, ನನಗೂ ಇಲ್ಲ. ಆದರೆ ಆ ವಾರ ಯಾವ ಮಗುವಿಗೆ ಜ್ವರ ಬಂದರೂ ಊರಿನವರು ನೇರವಾಗಿ ಇಂಗ್ಲಿಷ್ ಪೀರಿಯಡ್‌ನತ್ತಲೇ ಬೆರಳು ತೋರಿಸುತ್ತಾರೆ.